ಬಂಡಿ, ಕಾಂಟಾ ಮತ್ತು ವೇಗ-ಕಾಲ ನಕ್ಷೆ: ಕಲಬುರಗಿಯ ಒಂದು ಪ್ರಕರಣ

ಪ್ರಶ್ನೆ ಏನಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಸಿಟಿ ಬಸ್ ಒಂದು ಸ್ಟಾಪ್ ಬಿಟ್ಟು ಮುಂದಿನ ಸ್ಟಾಪ್‌ಗೆ ಹೊರಡುತ್ತದೆ. ರಸ್ತೆ ನೇರ, ಮಟ್ಟಸ. ಮೊದಲ 20 ಸೆಕೆಂಡಿನಲ್ಲಿ ವೇಗ ಸೊನ್ನೆಯಿಂದ ಸೆಕೆಂಡಿಗೆ 10 ಮೀಟರ್‌ಗೆ ಏರುತ್ತದೆ, ಅಂದರೆ ಗಂಟೆಗೆ 36 ಕಿಲೋಮೀಟರ್. ಆಮೇಲೆ 60 ಸೆಕೆಂಡು ಅದೇ ವೇಗ. ಕೊನೆಯ 10 ಸೆಕೆಂಡಿನಲ್ಲಿ ಡ್ರೈವರ್ ಬ್ರೇಕ್ ಒತ್ತಿ ನಿಲ್ಲಿಸುತ್ತಾನೆ. ಇದರ ವೇಗ-ಕಾಲ ನಕ್ಷೆಯನ್ನು ಒಂಬತ್ತನೇ ತರಗತಿಯ ಕಿರುಪರೀಕ್ಷೆಗೆ ಕೊಟ್ಟಿದ್ದೆ. ಏರುವ ಗೆರೆ, ಅಡ್ಡ ಗೆರೆ, ಇಳಿಯುವ ಗೆರೆ, ಅಷ್ಟೇ. ಕೇಳಿದ್ದು ಮೂರು. ಬಸ್ ಒಟ್ಟು ಎಷ್ಟು ದೂರ ಹೋಯಿತು? ಕೊನೆಯ ಭಾಗದಲ್ಲಿ ಬಸ್ ಏನು ಮಾಡುತ್ತಿದೆ? ಬಸ್ಸಿನ ಮೇಲೆ ನಿವ್ವಳ ಬಲ, ಅಂದರೆ ಮುಂದಕ್ಕೂ ಹಿಂದಕ್ಕೂ ಎಳೆಯುವ ಬಲಗಳನ್ನು ಒಂದರಿಂದ ಒಂದು ಕಳೆದು ಉಳಿಯುವ ಬಲ, ಯಾವ ಭಾಗದಲ್ಲಿ ಎಲ್ಲಕ್ಕಿಂತ ಜಾಸ್ತಿ?

ನಾನು ಬರೆಯುತ್ತಿರುವುದು ಒಬ್ಬ ಹುಡುಗನ ಉತ್ತರಪತ್ರಿಕೆಯ ಬಗ್ಗೆ. ಲೆಕ್ಕದಲ್ಲಿ ಚುರುಕು. ಮೊದಲ ಪ್ರಶ್ನೆಗೆ ಗೆರೆಯ ಕೆಳಗಿನ ಜಾಗದ ವಿಸ್ತೀರ್ಣ ತೆಗೆದು, 100 ಮತ್ತು 600 ಮತ್ತು 50 ಕೂಡಿಸಿ, 750 ಮೀಟರ್ ಅಂತ ನೀಟಾಗಿ ಬರೆದಿದ್ದ. ಬಹಳ ಮಕ್ಕಳು ಎಡವುವುದೇ ಇಲ್ಲಿ, ಇವನು ಎಡವಲಿಲ್ಲ. ಎರಡನೇ ಪ್ರಶ್ನೆಗೆ ಉತ್ತರ: ‘ಬಸ್ ವಾಪಸ್ ಬರುತ್ತಿದೆ’. ಮೂರನೆಯದಕ್ಕೆ: ‘ನಡುವಿನ ಭಾಗ, ಯಾಕೆಂದರೆ ಅಲ್ಲಿ ವೇಗ ಜಾಸ್ತಿ ಇದೆ’.

ಕೆಂಪು ಪೆನ್ನಿನಲ್ಲಿ ಎರಡು ಗುಣಾಕಾರ ಗುರುತು ಹಾಕಿ ಮುಂದಿನ ಪೇಪರ್ ತೆಗೆದುಕೊಳ್ಳಬಹುದಿತ್ತು. ಆದರೆ ವಿಸ್ತೀರ್ಣ ಗೊತ್ತಿರುವ ಹುಡುಗನಿಗೆ ಇಳಿಯುವ ಗೆರೆ ಗೊತ್ತಾಗುವುದಿಲ್ಲ ಅಂದರೆ ಒಳಗೆ ಏನೋ ಬೇರೆಯೇ ಇದೆ ಅನ್ನಿಸಿತು. ಸಂಜೆ ವಿಶೇಷ ತರಗತಿ ಮುಗಿದ ಮೇಲೆ ಕೂರಿಸಿಕೊಂಡು ಕೇಳಿದೆ.

“ಈ ಕಡೀ ಭಾಗದಾಗ ಬಸ್ ಏನ್ ಮಾಡ್ಲಿಕತ್ತದ?”

“ವಾಪಸ್ ಬರ್ಲಿಕತ್ತದರಿ ಸರ್.”

“ಹೆಂಗ ಗೊತ್ತಾಯ್ತು?”

“ಗೆರಿ ಕೆಳಗ ಇಳಿಲಿಕತ್ತದಲ್ರಿ.”

“85ನೇ ಸೆಕೆಂಡಿಗೆ ವೇಗ ಎಷ್ಟದ, ನೋಡಿ ಹೇಳು.”

ಬೆರಳು ಇಟ್ಟು ನೋಡಿದ. “5 ಅದರಿ.”

“ಅದರ ಮುಂದ ಮೈನಸ್ ಅದ ಏನು?”

“ಇಲ್ರಿ.” ಸ್ವಲ್ಪ ಹೊತ್ತು ಸುಮ್ಮನಾದ. “ಅಂದ್ರ ಮುಂದಕ್ಕೇ ಹೊಂಟದರಿ. ಹಗೂರ ಹೊಂಟದ.”

ಎರಡನೇ ಪ್ರಶ್ನೆಯ ತಪ್ಪು ಇಷ್ಟಕ್ಕೇ ಸರಿಹೋಯಿತು. ಇದು ನಕ್ಷೆಯನ್ನು ರಸ್ತೆಯ ಚಿತ್ರ ಅಂದುಕೊಂಡು ಓದುವ ತಪ್ಪು. ಗೆರೆ ಏರಿದರೆ ಬಸ್ ದಿಬ್ಬ ಹತ್ತಿತು, ಅಡ್ಡ ಹೋದರೆ ಮಟ್ಟದ ರಸ್ತೆ, ಇಳಿದರೆ ಇಳಿಯಿತು ಅಥವಾ ಮರಳಿತು. ಕಲಬುರಗಿಯ ಮಕ್ಕಳು ಮಾತ್ರ ಹೀಗೆ ಓದುತ್ತಾರೆ ಅಂದುಕೊಳ್ಳಬೇಡಿ. ಅಮೆರಿಕದ ರಾಬರ್ಟ್ ಬೈಕ್ನರ್ ಅವರು 1994ರಲ್ಲಿ ಚಲನೆಯ ನಕ್ಷೆಗಳ ಬಗ್ಗೆಯೇ ಒಂದು ಪರೀಕ್ಷೆ ರೂಪಿಸಿ ಪ್ರಕಟಿಸಿದರು. ಅಲ್ಲಿನ ಹೈಸ್ಕೂಲ್ ಮತ್ತು ಕಾಲೇಜು ಮಕ್ಕಳಲ್ಲೂ ಇದೇ ತಪ್ಪು ಕಂಡಿತ್ತು. ಇದಕ್ಕೆ ಮದ್ದು ಸುಲಭ. ಗೆರೆಯನ್ನು ಬಿಟ್ಟು, ಪಕ್ಕದ ಅಕ್ಷದಲ್ಲಿ ಏನು ಬರೆದಿದೆ, ಈ ಕ್ಷಣಕ್ಕೆ ಅಲ್ಲಿ ಎಷ್ಟಿದೆ, ಚಿಹ್ನೆ ಏನು ಅಂತ ಓದಿಸಿದರೆ ಸಾಕು.

ಮೂರನೇ ಪ್ರಶ್ನೆಯ ತಪ್ಪು ಹಾಗೆ ಹೋಗಲಿಲ್ಲ.

“ನಡುವ ಯಾಕ ಬಲ ಜಾಸ್ತಿ?”

“ಜೋರ್ ಹೊಂಟದಲ್ರಿ ಸರ್. ಜೋರ್ ಹೋಗ್ಬೇಕಂದ್ರ ಜೋರ್ ನೂಕ್ಬೇಕು.”

“ಅಲ್ಲಿ ವೇಗ ಬದಲಾಗಿಲ್ಲಲ್ಲ?”

“ಬದಲಾಗಿಲ್ರಿ. ಅದಕ್ಕ ಬಲ ಭೀ ಒಂದೇ ಸಮ ಅದ.”

ಈ ಕೊನೆಯ ಮಾತು ನೋಡಿ. ಎಷ್ಟು ಒಪ್ಪವಾಗಿದೆ ಅಲ್ವಾ? ವೇಗ ಏರುವಾಗ ಬಲ ಏರುತ್ತದೆ, ವೇಗ ಒಂದೇ ಸಮ ಇದ್ದರೆ ಬಲವೂ ಒಂದೇ ಸಮ, ವೇಗ ಇಳಿದರೆ ಬಲ ಇಳಿಯುತ್ತದೆ, ಬಸ್ ನಿಂತರೆ ಬಲವೂ ಮುಗಿಯಿತು. ಹುಡುಗ ಗೊಂದಲದಲ್ಲಿ ಇರಲಿಲ್ಲ. ಅವನ ಹತ್ತಿರ ಒಂದು ಪೂರ್ತಿ ಸಿದ್ಧಾಂತವೇ ಇತ್ತು. ವೇಗದ ನಕ್ಷೆಯನ್ನೇ ಅವನು ಬಲದ ನಕ್ಷೆ ಅಂತ ಓದುತ್ತಿದ್ದ. ಹಾಗಾಗಿ ನಕ್ಷೆ ಓದುವುದನ್ನು ಎಷ್ಟು ಸಲ ತಿದ್ದಿದರೂ ಇದು ಹೋಗುವ ಹಾಗಿರಲಿಲ್ಲ. ತಪ್ಪು ನಕ್ಷೆಯಲ್ಲಿ ಇರಲೇ ಇಲ್ಲ, ಬಲದಲ್ಲಿ ಇತ್ತು. ಈ ಪ್ರಕರಣದಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಇದನ್ನೇ.

ಸೂತ್ರ ಕೇಳಿದೆ. ಬಲ ಅಂದರೆ ರಾಶಿ ಗುಣಿಸು ವೇಗೋತ್ಕರ್ಷ (ವೇಗ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಅನ್ನುವುದು), ತಡವರಿಸದೆ ಹೇಳಿದ. ಬಸ್ಸಿನ ರಾಶಿ 10,000 ಕೆಜಿ ಅಂತ ಇಟ್ಟುಕೊಂಡು ಮಾಡು ಅಂದೆ. ಮೊದಲ ಭಾಗದಲ್ಲಿ ವೇಗೋತ್ಕರ್ಷ 0.5, ಬಲ 5,000 ನ್ಯೂಟನ್. ನಡುವೆ ಸೊನ್ನೆ, ಬಲವೂ ಸೊನ್ನೆ. ಕೊನೆಯಲ್ಲಿ ಮೈನಸ್ 1, ಬಲ ಹಿಂದಕ್ಕೆ 10,000 ನ್ಯೂಟನ್. ಎಲ್ಲ ಸರಿ ಬಂತು. ಹಾಳೆಯ ಮೇಲೆ ಉತ್ತರ ಕಣ್ಣೆದುರಿಗೇ ಇತ್ತು, ಬ್ರೇಕ್ ಒತ್ತಿದಾಗಲೇ ನಿವ್ವಳ ಬಲ ಎಲ್ಲಕ್ಕಿಂತ ಜಾಸ್ತಿ ಅಂತ. ಅವನು ಅದನ್ನು ನೋಡಿ ಹೇಳಿದ್ದು ಇದು:

“ಲೆಕ್ಕದಾಗ ಸೊನ್ನಿ ಬರ್ತದರಿ ಸರ್. ಖರೇ ಅಂದ್ರ ಸೊನ್ನಿ ಇರಲ್ಲ. ಬಲ ಇಲ್ದ ಬಸ್ ಹೆಂಗ ಹೋಗ್ತದ? ನಮ್ಮ ಬಂಡಿ ನೂಕೋದ್ ಬಿಟ್ರ ನಿಂದರ್ತದರಿ.”

ಈ ಮಾತನ್ನು ಬಾಯಿಬಿಟ್ಟು ಹೇಳಿದ ಹುಡುಗನ ಬಗ್ಗೆ ನನಗೆ ಬಹಳ ಗೌರವ ಬಂತು. ಇದೇ ನಂಬಿಕೆ ಇಟ್ಟುಕೊಂಡು, ಸೂತ್ರ ಹಾಕಿ ಅಂಕ ತೆಗೆದುಕೊಂಡು ಹೋಗುವ ಮಕ್ಕಳು ಬೇಕಾದಷ್ಟಿದ್ದಾರೆ.

ಬಂಡಿಯ ವಿಷಯ ಇಲ್ಲಿ ಹೇಳಬೇಕು. ಇವನ ತಂದೆ ಊರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ತಳ್ಳುಬಂಡಿಯಲ್ಲಿ ಹಣ್ಣು ಮಾರುತ್ತಾರೆ. ಬೆಳಿಗ್ಗೆ ಶಾಲೆಗೆ ಬರುವ ಮುಂಚೆ ಮನೆಯಿಂದ ಅಲ್ಲಿಯವರೆಗೆ ಅಪ್ಪ-ಮಗ ಸೇರಿ ಬಂಡಿ ನೂಕುತ್ತಾರೆ. ನಾಲ್ಕು ಸೈಕಲ್ ಗಾಲಿ, ಮೇಲೆ ಹಲಗೆ, ಬೇಸಿಗೆಯಲ್ಲಿ ಕಲ್ಲಂಗಡಿ ಹೇರಿದರೆ ಭಾರೀ ಭಾರ. ಕೈ ಬಿಟ್ಟರೆ ಬಂಡಿ ನಿಲ್ಲುತ್ತದೆ ಅನ್ನುವುದು ಅವನಿಗೆ ಪುಸ್ತಕದಿಂದ ಬಂದದ್ದಲ್ಲ, ತೋಳಿನಿಂದ ಬಂದದ್ದು. ಅದು ಸುಳ್ಳೂ ಅಲ್ಲ. ನಿಜವಾಗಿ ನಿಲ್ಲುತ್ತದೆ. ಪುಸ್ತಕದಲ್ಲಿ ನ್ಯೂಟನ್ನನ ಮೊದಲ ನಿಯಮ ಓದಿ, ಚಲಿಸುವ ವಸ್ತು ಹಾಗೇ ಚಲಿಸುತ್ತಾ ಇರುತ್ತದೆ ಅಂದರೆ, ದಿನಾ ಬಂಡಿ ನೂಕುವವನು ಯಾಕೆ ನಂಬಬೇಕು?

ಅರಿಸ್ಟಾಟಲ್ ಕೂಡ ಹೀಗೇ ಯೋಚಿಸಿದ್ದ. ನೂಕುವುದು ನಿಂತರೆ ಚಲನೆ ನಿಲ್ಲುತ್ತದೆ ಅಂತ. ಆ ಯೋಚನೆ ಹೆಚ್ಚುಕಡಿಮೆ 2,000 ವರ್ಷ ನಿಂತಿತು. ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಮಾಡಿದ ಪ್ರಯೋಗಗಳನ್ನು 1638ರಲ್ಲಿ ಪ್ರಕಟಿಸಿದ, ನ್ಯೂಟನ್ನನ ನಿಯಮಗಳು 1687ರಲ್ಲಿ ಅಚ್ಚಾದವು. ಅಷ್ಟು ಗಟ್ಟಿಯಾದ ನಂಬಿಕೆಯನ್ನು ಕಪ್ಪುಹಲಗೆಯ ಮೇಲೆ ಒಂದು ಪೀರಿಯಡ್‌ನಲ್ಲಿ ಅಳಿಸುತ್ತೇವೆ ಅಂದರೆ ಆಗುವ ಮಾತಲ್ಲ. ಹುಡುಗ ಲೆಕ್ಕಕ್ಕೆ ತೆಗೆದುಕೊಂಡದ್ದು ಕೈಯ ಬಲವನ್ನು ಮಾತ್ರ. ರಸ್ತೆಯೂ ಗಾಲಿಯ ಬೇರಿಂಗೂ ಹಿಂದಕ್ಕೆ ಹಿಡಿದು ಎಳೆಯುತ್ತಿವೆ ಅನ್ನುವುದು ಅವನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಕಣ್ಣಿಗೆ ಕಾಣದ ಆ ಬಲವನ್ನು ಅಳೆದು ತೋರಿಸಬೇಕಿತ್ತು. ಅದಕ್ಕೆ ಅವನ ಬಂಡಿಗಿಂತ ಒಳ್ಳೆಯ ಸಾಮಾನು ಯಾವ ಪ್ರಯೋಗಾಲಯದಲ್ಲೂ ಸಿಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಶಾಲೆಯ ಹಿಂದಿನ ಸಿಸಿ ರಸ್ತೆಗೆ ಬಂಡಿ ತರಿಸಿದೆವು. ತಂದೆಯೂ ಬಂದರು. ಖಾಲಿ ಬಂಡಿ 50 ಕೆಜಿ, ಗಂಜ್ ಮಾರುಕಟ್ಟೆಯಲ್ಲಿ ಒಮ್ಮೆ ತೂಗಿಸಿದ್ದು ಅವರಿಗೆ ನೆನಪಿತ್ತು. ಅದರ ಮೇಲೆ 70 ಕೆಜಿ ಮರಳಿನ ಚೀಲ ಇಟ್ಟೆವು. ಒಟ್ಟು 120. ರದ್ದಿ ಅಂಗಡಿಯವರು ಪೇಪರ್ ತೂಗುತ್ತಾರಲ್ಲ, ಕೊಕ್ಕೆಯಿರುವ ಸ್ಪ್ರಿಂಗ್ ಕಾಂಟಾ, ಅದನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಬಂಡಿಯ ಮುಂದೆ ಹಗ್ಗ, ಹಗ್ಗಕ್ಕೆ ಕಾಂಟಾ, ಕಾಂಟಾದ ಇನ್ನೊಂದು ತುದಿ ಎಳೆಯುವವರ ಕೈಯಲ್ಲಿ. ರಸ್ತೆಯ ಮೇಲೆ ಮೀಟರಿಗೊಂದು ಸೀಮೆಸುಣ್ಣದ ಗೆರೆ. ಇನ್ನೊಬ್ಬ ಹುಡುಗ ಪಕ್ಕದಲ್ಲಿ ನಿಂತು ಫೋನ್‌ನಲ್ಲಿ ವಿಡಿಯೋ ಹಿಡಿಯುವುದು, ಆಮೇಲೆ ಅದನ್ನು ನಿಲ್ಲಿಸಿ ನಿಲ್ಲಿಸಿ ಪ್ರತಿ ಸೆಕೆಂಡಿಗೆ ಮುಂದಿನ ಗಾಲಿ ಯಾವ ಗೆರೆಯ ಹತ್ತಿರ ಇದೆ ಅಂತ ಬರೆದುಕೊಳ್ಳುವುದು.

ಶುರುಮಾಡುವ ಮುಂಚೆ ಕಾಂಟಾದ ಮುಳ್ಳು ಎಲ್ಲಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಡು ಅಂದೆ. ಇದು ಮುಖ್ಯ. ಮೊದಲೇ ಬರೆಯದಿದ್ದರೆ ಆಮೇಲೆ ಎಲ್ಲರೂ ‘ನನಗೆ ಗೊತ್ತಿತ್ತು’ ಅನ್ನುತ್ತಾರೆ. ಅವನು ಬರೆದದ್ದು: ಹೊರಡುವಾಗ 1 ಕೆಜಿ, ಆಮೇಲೆ 2, ಆಮೇಲೆ 3, ಒಂದೇ ಸಮ ಹೋಗುವಾಗ 4. ಅವನ ಸಿದ್ಧಾಂತಕ್ಕೆ ತಕ್ಕ ಹಾಗೆಯೇ ಇತ್ತು.

ತಂದೆ ಎಳೆದರು. ಒಂದೇ ಹದದಲ್ಲಿ ಎಳೆಯುವುದು ಅವರಿಗೆ ಬರುತ್ತದೆ, ನಮಗೆ ಬರುವುದಿಲ್ಲ. ಮಗ ಪಕ್ಕದಲ್ಲೇ ನಡೆಯುತ್ತಾ ಮುಳ್ಳು ನೋಡಿ ಕೂಗಿ ಹೇಳಬೇಕು. ಹೊರಟ ಕ್ಷಣಕ್ಕೆ “ಆರು, ಆರು, ಆರೂವರಿ” ಅಂತ ಶುರುವಾಯಿತು. ಬಂಡಿ ನಡಿಗೆಯ ವೇಗಕ್ಕೆ ಬಂದಾಗ ಮುಳ್ಳು ಇಳಿಯಿತು. “ನಾಲ್ಕು... ಮೂರು... ಮೂರು...” ಧ್ವನಿ ಸಣ್ಣಗಾಯಿತು. ಕೊನೆಗೆ ತಂದೆ ಹಗ್ಗ ಸಡಿಲ ಬಿಟ್ಟು ಪಕ್ಕಕ್ಕೆ ಸರಿದರು. ಕಾಂಟಾ ಸೊನ್ನೆ, ಬಂಡಿ ಮಾತ್ರ ಮುಂದಕ್ಕೆ ಹೋಗುತ್ತಾ ಇತ್ತು, ಎರಡು ಗೆರೆ ದಾಟಿ ನಿಂತಿತು.

ತಂದೆ ಅಲ್ಲಿಯೇ ಹೇಳಿದ ಮಾತು: “ಎಬ್ಬಿಸೋದೇ ಕಷ್ಟ ಸರ್. ಒಂದ್ಸಲ ಎದ್ದ ಮ್ಯಾಲ ಇಷ್ಟಿಷ್ಟೇ ಕೈ ಹಚ್ಚಿದ್ರ ಸಾಕು, ಹೋಗ್ತದ. ಇವಗೂ ಗೊತ್ತದಲ್ಲ ಇದು.”

ಹೌದು, ಅವನಿಗೂ ಗೊತ್ತಿತ್ತು. ಎಬ್ಬಿಸುವಾಗ ಭುಜ ಕೊಟ್ಟು ನೂಕುವವನು ಅವನೇ. ಬಂಡಿ ಅವನಿಗೆ ಎರಡು ವಿಷಯ ಕಲಿಸಿತ್ತು, ಬಿಟ್ಟರೆ ನಿಲ್ಲುತ್ತದೆ ಅನ್ನುವುದು ಒಂದು, ಎಬ್ಬಿಸುವುದಕ್ಕೇ ಜಾಸ್ತಿ ಬಲ ಬೇಕು ಅನ್ನುವುದು ಇನ್ನೊಂದು. ಪರೀಕ್ಷೆಯಲ್ಲಿ ಮೊದಲನೆಯದು ಮಾತ್ರ ನೆನಪಿಗೆ ಬಂದಿತ್ತು.

ಒಂದು ತೊಡಕು ಬಂತು. ಆ ಕಡೆಗೆ ಎಳೆದಾಗ ಒಂದೇ ಸಮ ನಡಿಗೆಯಲ್ಲಿ ಮುಳ್ಳು ಎರಡೂವರೆ ತೋರಿಸುತ್ತದೆ, ಈ ಕಡೆಗೆ ಎಳೆದಾಗ ಮೂರೂವರೆ. ಕಾಂಟಾ ಕೆಟ್ಟಿದೆ ಅಂತ ಒಬ್ಬ ಹೇಳಿದ. ನಮ್ಮ ಹುಡುಗ ಮಾತಾಡದೆ ಬಾಟಲಿ ತೆಗೆದು ರಸ್ತೆಯ ಮೇಲೆ ಸ್ವಲ್ಪ ನೀರು ಚೆಲ್ಲಿದ. ನೀರು ನಿಧಾನವಾಗಿ ಒಂದು ಕಡೆಗೆ ಹರಿಯಿತು. “ಇಳುಕಲ ಅದರಿ ಸರ್.” ಕಣ್ಣಿಗೆ ಕಾಣದಷ್ಟು ಇಳಿಜಾರು. ಎರಡೂ ಕಡೆಯ ಸರಾಸರಿ 3 ಕೆಜಿ, ಅರ್ಧ ಕೆಜಿ ವ್ಯತ್ಯಾಸ ಇಳಿಜಾರಿನದು. 120 ಕೆಜಿಗೆ ಅರ್ಧ ಕೆಜಿ ಅಂದರೆ 240 ಮೀಟರಿಗೆ 1 ಮೀಟರ್ ಇಳಿಜಾರು. ಅದನ್ನೂ ಅವನೇ ಲೆಕ್ಕ ಹಾಕಿದ. ಆಮೇಲಿನಿಂದ ಪ್ರತಿ ಅಳತೆಯನ್ನೂ ಎರಡೂ ದಿಕ್ಕಿಗೆ ಮಾಡಿ ಸರಾಸರಿ ತೆಗೆದುಕೊಂಡೆವು.

ಮುಳ್ಳಿನ ಕುಣಿತ ಬಿಟ್ಟು ದುಂಡಗೆ ಹೇಳುವುದಾದರೆ ಲೆಕ್ಕ ಹೀಗೆ ಬಂತು. ಮೊದಲ 4 ಸೆಕೆಂಡು ಎಳೆತ 6 ಕೆಜಿ, ಅಂದರೆ ಸುಮಾರು 60 ನ್ಯೂಟನ್, ವೇಗ ಸೊನ್ನೆಯಿಂದ ಸೆಕೆಂಡಿಗೆ 1 ಮೀಟರ್‌ಗೆ ಏರಿತು. ಮುಂದಿನ 10 ಸೆಕೆಂಡು ಎಳೆತ 30 ನ್ಯೂಟನ್, ವೇಗ 1 ಮೀಟರ್‌ನಲ್ಲೇ ನಿಂತಿತು. ಬಿಟ್ಟ ಮೇಲೆ ಎಳೆತ ಸೊನ್ನೆ, 4 ಸೆಕೆಂಡಿನಲ್ಲಿ ಬಂಡಿ ನಿಂತಿತು. ವಿಡಿಯೋ ನೋಡಿ ಬರೆದ ಪಟ್ಟಿಯಲ್ಲಿ ಮೊದಲ ಸೆಕೆಂಡಿಗೆ ಬಂಡಿ ಒಂದು ಗೇಣೂ ಸರಿದಿರಲಿಲ್ಲ, ನಾಲ್ಕನೇ ಸೆಕೆಂಡು ಮುಗಿಯುವಾಗ 2 ಮೀಟರ್ ಗೆರೆ ಮುಟ್ಟಿತ್ತು. ಪಟ್ಟಿಯಿಂದ ಪ್ರತಿ ಸೆಕೆಂಡಿನ ವೇಗ ತೆಗೆದು ಗ್ರಾಫ್ ಹಾಳೆಯ ಮೇಲೆ ಅವನೇ ಚುಕ್ಕಿ ಇಟ್ಟ. ಏರು, ಅಡ್ಡ, ಇಳಿ. ಬಸ್ಸಿನ ನಕ್ಷೆಯೇ ಮತ್ತೆ ಬಂತು. ಈ ಸಲ ಅದು ಅವನದೇ ಬಂಡಿ, ಅವನೇ ಓದಿದ ಮುಳ್ಳು. ಗೆರೆಯ ಕೆಳಗಿನ ವಿಸ್ತೀರ್ಣ 2, 10, 2, ಒಟ್ಟು 14 ಮೀಟರ್. ರಸ್ತೆಯ ಮೇಲಿನ ಗೆರೆ ಎಣಿಸಿದರೂ ಅಷ್ಟೇ.

ಈಗ ನಕ್ಷೆಯ ಕೆಳಗೆ ಮೂರು ಸಾಲು ಬರೆಸಿದೆ. ಕೈ ಮುಂದಕ್ಕೆ ಎಳೆದದ್ದು: 60, 30, 0. ರಸ್ತೆ ಹಿಂದಕ್ಕೆ ಎಳೆದದ್ದು: ಇಲ್ಲಿ ಪೆನ್ನು ನಿಂತಿತು.

“ಒಂದೇ ಸಮ ಹೋಗುವಾಗ 30 ಎಳೆದರೂ ವೇಗ ಏರಲಿಲ್ಲ. ಆ 30 ಎಲ್ಲಿ ಹೋಯ್ತು?”

“ರಸ್ತೆ ತಿಂತುರಿ.”

“ಅಂದ್ರ ರಸ್ತೆ ಎಷ್ಟು ಎಳಿಲಿಕತ್ತದ?”

“30. ಹಿಂದಕ್ಕ.”

“ಬಂಡಿ ಹೊರಡುವಾಗ ರಸ್ತೆ ಸುಮ್ನಿತ್ತಾ?”

ಇಲ್ಲ ಅಂತ ತಲೆಯಾಡಿಸಿ ಮೂರೂ ಕಡೆ 30 ಬರೆದ. ಮೂರನೇ ಸಾಲು ಉಳಿದದ್ದು: ಮುಂದಕ್ಕೆ 30, ಸೊನ್ನೆ, ಹಿಂದಕ್ಕೆ 30. ಅದನ್ನು 120ರಿಂದ ಭಾಗಿಸು ಅಂದೆ. 0.25, 0, ಮೈನಸ್ 0.25. ಈಗ ನಕ್ಷೆಯ ಗೆರೆಗಳ ಓರೆ ತೆಗೆ. ಮೊದಲ ಗೆರೆ 4 ಸೆಕೆಂಡಿಗೆ 1, ಅಂದರೆ 0.25. ಅಡ್ಡ ಗೆರೆ ಸೊನ್ನೆ. ಕೊನೆಯದು ಮೈನಸ್ 0.25. ಕಾಂಟಾದಿಂದ ಬಂದ ಅಂಕಿಯೂ ಫೋನಿನ ವಿಡಿಯೋದಿಂದ ಬಂದ ಅಂಕಿಯೂ ಒಂದೇ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ, ಒಂದು ರದ್ದಿ ಅಂಗಡಿಯದು, ಇನ್ನೊಂದು ಗೆರೆ-ಗಡಿಯಾರದ್ದು. ನಿವ್ವಳ ಬಲ ಹೋಗಿ ಕೂರುವುದು ಗೆರೆಯ ಎತ್ತರದಲ್ಲಿ ಅಲ್ಲ, ಓರೆಯಲ್ಲಿ ಅನ್ನುವುದು ಆಗ ಅವನಿಗೆ ಕಂಡಿತು. ನಾನು ಹೇಳಬೇಕಾಗಲಿಲ್ಲ.

ಅಡ್ಡ ಗೆರೆಯ ಕೆಳಗಿನ ಆ ಸೊನ್ನೆಯ ಮೇಲೆ ಮಾತ್ರ ಬಹಳ ಹೊತ್ತು ಕಣ್ಣಿಟ್ಟು ಕೂತಿದ್ದ. ಆಮೇಲೆ ತಂದೆಯ ಕಡೆ ನೋಡಿ ಹೇಳಿದ: “ಸೊನ್ನಿ ಅಂದ್ರ ಏನೂ ನಡದಿಲ್ಲ ಅಂತಲ್ರಿ ಸರ್. ಒಂದೊಂದು ದಿನ ನಮ್ಮ ಧಂದಾದಾಗ ಹಾಕಿದ್ದು ಬಂದದ್ದು ಸಮ ಆಗ್ತದ. ಲಾಭ ಸೊನ್ನಿ. ಆದ್ರ ದಿನಾ ಪೂರಾ ಮಾರಿರ್ತೀವಿ.” ನಾನು ಇಷ್ಟು ವರ್ಷ ಪಾಠ ಮಾಡಿದರೂ ನಿವ್ವಳ ಬಲಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಕೇಳಿಲ್ಲ. ಮುಂದೆ ತರಗತಿಯಲ್ಲೂ ಇದನ್ನೇ ಹೇಳಿಸಿದೆ, ಅವನ ಬಾಯಿಂದಲೇ.

ಆದರೆ ಒಂದು ಸಲ ಸರಿ ಹೇಳಿದ ಮಾತ್ರಕ್ಕೆ ನಂಬಿಕೆ ಬದಲಾಯಿತು ಅಂತ ನಾನು ಒಪ್ಪುವುದಿಲ್ಲ. ಇನ್ನೂ ಆಗದೇ ಇರುವುದನ್ನು ಮುಂಚಿತವಾಗಿ ಹೇಳುವುದಕ್ಕೆ ಬರಬೇಕು. ಮುಂದಿನ ಭಾನುವಾರದೊಳಗೆ ತಂದೆ ಗಾಲಿಗಳಿಗೆ ಗ್ರೀಸ್ ಹಚ್ಚಿಸಿ, ಟೈರಿಗೆ ಗಾಳಿ ತುಂಬಿಸಿ ತಂದರು. ಅದೇ ಮರಳು, ಅದೇ ರಸ್ತೆ. ಒಂದೇ ಸಮ ಎಳೆದಾಗ ಮುಳ್ಳು ಸರಾಸರಿ 2 ಕೆಜಿ ತೋರಿಸಿತು. ಅಷ್ಟೇ ತೋರಿಸಿ ಕೇಳಿದೆ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬಿಟ್ಟರೆ ಎಷ್ಟು ಹೊತ್ತಿಗೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ? 20ನ್ನು 120ರಿಂದ ಭಾಗಿಸಿದ. ಸೆಕೆಂಡಿಗೆ ಆರನೇ ಒಂದು ಭಾಗ ವೇಗ ಇಳಿಯುತ್ತದೆ, ಹಾಗಾದರೆ 6 ಸೆಕೆಂಡು. ತ್ರಿಕೋನದ ವಿಸ್ತೀರ್ಣ 3 ಮೀಟರ್. ಮೂರನೇ ಗೆರೆಯ ಹತ್ತಿರ ಒಂದು ಕಲ್ಲಿಟ್ಟು ಬಂದ. ಬಂಡಿ ಕಲ್ಲಿನಿಂದ ಒಂದು ಗೇಣು ಆಚೆ ನಿಂತಿತು.

ಆಮೇಲೆ ಅವನೇ ಕೇಳಿದ, ಇನ್ನೂ ಗ್ರೀಸ್ ಹಚ್ಚಿದರೆ? ಮುಳ್ಳು 1 ತೋರಿಸಿದರೆ 12 ಸೆಕೆಂಡು, 6 ಮೀಟರ್. ಅರ್ಧ ತೋರಿಸಿದರೆ 24 ಸೆಕೆಂಡು, 12 ಮೀಟರ್. ಸೊನ್ನೆ ತೋರಿಸಿದರೆ? ಗ್ರಾಫ್ ಹಾಳೆಯ ಮೇಲೆ ಒಂದರ ಪಕ್ಕ ಒಂದು ಇಳಿಯುವ ಗೆರೆ ಎಳೆಯುತ್ತಾ ಹೋದ. ಪ್ರತಿ ಗೆರೆಯೂ ಇನ್ನಷ್ಟು ಮಲಗುತ್ತದೆ, ಕೊನೆಯದು ಅಡ್ಡ ಗೆರೆಯೇ ಆಗುತ್ತದೆ. ಗೆಲಿಲಿಯೋ ಹಿಡಿದ ದಾರಿಯೂ ಇದೇ. ಘರ್ಷಣೆ ಇಲ್ಲದ ರಸ್ತೆ ಅವನ ಹತ್ತಿರವೂ ಇರಲಿಲ್ಲ, ಕಡಿಮೆ ಮಾಡುತ್ತಾ ಹೋದರೆ ಕೊನೆಗೆ ಏನಾಗುತ್ತದೆ ಅಂತ ಅವನು ಯೋಚಿಸಿದ. ಮೊದಲ ನಿಯಮವನ್ನು ಹುಡುಗ ಒಪ್ಪಿದ್ದು ಇಲ್ಲಿ.

ಬಸ್ಸಿನ ಪ್ರಶ್ನೆಗೆ ವಾಪಸ್ ಬಂದೆವು. ಈಗ ಅದು ಬೇಗ ಮುಗಿಯಿತು. ನಡುವಿನ 60 ಸೆಕೆಂಡು ಎಂಜಿನ್ ದುಡಿಯುತ್ತಲೇ ಇರುತ್ತದೆ, ಗಾಳಿ ಮತ್ತು ರಸ್ತೆ ಅಷ್ಟೇ ಹಿಂದಕ್ಕೆ ಎಳೆಯುತ್ತವೆ, ಉಳಿಯುವುದು ಸೊನ್ನೆ. ಎಲ್ಲಕ್ಕಿಂತ ಜಾಸ್ತಿ ನಿವ್ವಳ ಬಲ ಬ್ರೇಕಿನ 10 ಸೆಕೆಂಡಿನಲ್ಲಿ. ಯಾಕೆ ಅಂತ ಕೇಳಿದರೆ ಲೆಕ್ಕ ಹೇಳಲಿಲ್ಲ. ಸಿಟಿ ಬಸ್ಸಿನಲ್ಲಿ ನಿಂತು ಹೋಗುವಾಗ ಬಸ್ ಹೊರಟರೆ ಸ್ವಲ್ಪ ಹಿಂದಕ್ಕೆ ವಾಲುತ್ತೇವೆ, ಬ್ರೇಕ್ ಹಾಕಿದರೆ ಮುಂದಿನವರ ಮೇಲೆ ಬೀಳುತ್ತೇವೆ, ಒಂದೇ ಸಮ ಹೋಗುವಾಗ ಕಂಬ ಹಿಡಿಯದೆ ನಿಂತರೂ ನಡೆಯುತ್ತದೆ ಅಂದ. ಓರೆ 0.5, ಸೊನ್ನೆ, ಮೈನಸ್ 1. ದೇಹಕ್ಕೆ ಈ ಮೂರೂ ಗೊತ್ತಿವೆ.

ಕೆಲವು ವಾರದ ನಂತರ ಇನ್ನೊಂದು ಪರೀಕ್ಷೆಯಲ್ಲಿ ವಾಡಿ ಕಡೆಯಿಂದ ಬರುವ ಗೂಡ್ಸ್ ಗಾಡಿಯ ನಕ್ಷೆ ಕೊಟ್ಟೆ. 200 ಸೆಕೆಂಡಿನಲ್ಲಿ ವೇಗ 20 ಮೀಟರ್‌ಗೆ ಏರುತ್ತದೆ, 400 ಸೆಕೆಂಡು ಒಂದೇ ಸಮ, 100 ಸೆಕೆಂಡಿನಲ್ಲಿ ನಿಲ್ಲುತ್ತದೆ. 11 ಕಿಲೋಮೀಟರ್ ದೂರ, ಬ್ರೇಕಿನಲ್ಲಿ ಜಾಸ್ತಿ ಬಲ, ನಡುವೆ ಎಂಜಿನ್ ಎಳೆತ ಇದ್ದೂ ನಿವ್ವಳ ಸೊನ್ನೆ. ಎಲ್ಲ ಸರಿ ಬರೆದಿದ್ದ.

ಅದೇ ಪೇಪರಿನ ಕೊನೆಯ ಪ್ರಶ್ನೆಯಲ್ಲಿ ಹಳೆಯ ನಂಬಿಕೆ ಇನ್ನೊಂದು ಬಾಗಿಲಿನಿಂದ ಬಂತು. ಚೆಂಡನ್ನು ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ 1 ಸೆಕೆಂಡಿಗೆ 4.9 ಮೀಟರ್ ಎತ್ತರ ಮುಟ್ಟಿ, ಇನ್ನೊಂದು ಸೆಕೆಂಡಿಗೆ ಕೈಗೆ ಬರುತ್ತದೆ. ತುತ್ತತುದಿಯಲ್ಲಿ ಬಲ ಎಷ್ಟು? ಅವನ ಉತ್ತರ ಸೊನ್ನೆ. ಕೇಳಿದರೆ, ಎಸೆದಾಗ ಕೈಯ ಬಲ ಚೆಂಡಿನೊಳಗೆ ಉಳಿದಿರುತ್ತದೆ, ಏರುತ್ತಾ ಏರುತ್ತಾ ಅದು ಖರ್ಚಾಗುತ್ತದೆ, ಮುಗಿದಾಗ ಚೆಂಡು ತಿರುಗುತ್ತದೆ ಅಂದ. 14ನೇ ಶತಮಾನದಲ್ಲಿ ಪ್ಯಾರಿಸ್‌ನ ತತ್ವಜ್ಞಾನಿ ಜಾನ್ ಬುರಿಡಾನ್ ಹೇಳಿದ್ದು ಹೆಚ್ಚುಕಡಿಮೆ ಇಂಥದ್ದನ್ನೇ. ಬಂಡಿಯ ಪ್ರಯೋಗ ಇದನ್ನು ಮುಟ್ಟುವುದೇ ಇಲ್ಲ, ನೋಡಿ. ಬಿಟ್ಟ ಬಂಡಿ ನಿಂತದ್ದನ್ನೂ ‘ಒಳಗಿನ ಬಲ ಖರ್ಚಾಯಿತು’ ಅಂತ ವಿವರಿಸಬಹುದು. ಅದಕ್ಕೆ ವಾಪಸ್ ಬರುವ ವಸ್ತು ಬೇಕು, ಕಣ್ಣಿಗೆ ಸಿಗುವಷ್ಟು ನಿಧಾನವಾಗಿ.

ಶಾಲೆಯ 4 ಕೆಜಿ ಶಾಟ್‌ಪುಟ್ ಗುಂಡು ತೆಗೆದುಕೊಂಡೆವು. ಉದ್ದ ಬೆಂಚಿನ ಒಂದು ತುದಿಗೆ ಇಟ್ಟಿಗೆ ಇಟ್ಟು, ಗುಂಡು ಪಕ್ಕಕ್ಕೆ ಬೀಳದ ಹಾಗೆ ಎರಡು ಪಟ್ಟಿ ಕಟ್ಟಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಉರುಳಿಸಿದರೆ 2 ಸೆಕೆಂಡಿನಲ್ಲಿ 70 ಸೆಂಟಿಮೀಟರ್ ಏರಿ, ಒಂದು ಕ್ಷಣ ನಿಂತಂತೆ ಕಂಡು, 2 ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ತಿರುಗುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿದೆ. ಆಮೇಲೆ ಗುಂಡನ್ನು ಅದೇ ಗುರುತಿನಲ್ಲಿ ಇಟ್ಟು ಕೆಳಗಡೆ ಬೆರಳು ಕೊಟ್ಟು ಹಿಡಿ ಅಂದೆ. ಹಿಡಿದ.

“ಈಗ ವೇಗ ಎಷ್ಟು?”

“ಸೊನ್ನಿರಿ.”

“ಬೆರಳಿಗೆ ಏನಾಗ್ಲಿಕತ್ತದ?”

“ಒತ್ತಲಿಕತ್ತದರಿ. ಕೆಳಗ.” ಬೆರಳು ಹಾಗೇ ಇಟ್ಟುಕೊಂಡು ನನ್ನ ಮುಖ ನೋಡಿದ. “ಉರುಳಿ ಬಂದು ಇಲ್ಲಿ ನಿಂತಾಗ ಭೀ ಹಿಂಗೇ ಎಳಿತದೇನ್ರಿ?”

“ಎಳಿಯದೇ ಇದ್ರ ಅದು ಅಲ್ಲೇ ನಿಂತಿರ್ತಿತ್ತು. ಬಂಡಿ ನಿಂತ ಹಂಗ.”

ಇದರ ವೇಗ-ಕಾಲ ನಕ್ಷೆಯನ್ನು ಮೊದಲು ಇಂಗ್ಲಿಷಿನ ವಿ ಅಕ್ಷರದ ಹಾಗೆ ಬರೆದಿದ್ದ, ವೇಗ ಇಳಿದು ಮತ್ತೆ ಏರುವ ಹಾಗೆ. ಮೇಲ್ಮುಖ ಪ್ಲಸ್ ಅಂದರೆ ಕೆಳಮುಖ ಮೈನಸ್ ಅಲ್ವಾ ಅಂದಾಗ ಎರಡನೇ ಅರ್ಧವನ್ನು ಅಕ್ಷದ ಕೆಳಗೆ ಮಡಚಿದ. ಪ್ಲಸ್ 0.7ರಿಂದ ಸೊನ್ನೆ ದಾಟಿ ಮೈನಸ್ 0.7ವರೆಗೆ ಒಂದೇ ನೇರ ಗೆರೆ, 4 ಸೆಕೆಂಡು. ಸೊನ್ನೆ ದಾಟುವ ಜಾಗದಲ್ಲಿ ಗೆರೆ ಎಲ್ಲೂ ಬಾಗಿಲ್ಲ. ಓರೆ ಉದ್ದಕ್ಕೂ ಮೈನಸ್ 0.35. ಮೇಲಕ್ಕೆ ಎಸೆದ ಚೆಂಡಿಗೂ ಹೀಗೇ, ಓರೆ ಮಾತ್ರ ಮೈನಸ್ 9.8.

ಇದು ಅವನಿಗೆ ಪೂರ್ತಿ ಗಟ್ಟಿಯಾಗಿದೆ ಅಂತ ನಾನು ಹೇಳುವುದಿಲ್ಲ. ಬಲದ ಬಗ್ಗೆ ಈಗ ತಪ್ಪುವುದಿಲ್ಲ, ಮೈನಸ್ ವೇಗ ಬಂದರೆ ಇನ್ನೂ ತಡವರಿಸುತ್ತಾನೆ. ಮೈನಸ್ 0.7 ಅಂದರೆ 0.7ಕ್ಕಿಂತ ನಿಧಾನ ಅಂತ ಒಮ್ಮೊಮ್ಮೆ ಬರೆಯುತ್ತಾನೆ. ಅದಕ್ಕೆ ಸೂಪರ್ ಮಾರ್ಕೆಟ್‌ಗೆ ಹೋಗುವ ಬಂಡಿ ಪ್ಲಸ್, ಮನೆಗೆ ಬರುವ ಬಂಡಿ ಮೈನಸ್ ಅಂತ ಇಟ್ಟುಕೊಂಡು ಇಡೀ ದಿನದ ನಕ್ಷೆ ಬರೆಯುವ ಕೆಲಸ ಕೊಟ್ಟಿದ್ದೇನೆ.

ಬೇರೆ ಶಿಕ್ಷಕರು ಮಾಡಿ ನೋಡುವುದಾದರೆ ಕೆಲವು ಮಾತು. ಡಿಜಿಟಲ್ ಲಗೇಜ್ ಕಾಂಟಾ ಬೇಡ. ಅದರಲ್ಲಿ ಬಹಳಷ್ಟು ಒಂದು ಅಂಕಿ ತೋರಿಸಿ ಅಲ್ಲಿಯೇ ಗಟ್ಟಿಯಾಗಿ ನಿಂತುಬಿಡುತ್ತವೆ, ಬದಲಾಗುವ ಎಳೆತ ಕಾಣುವುದಿಲ್ಲ. ಮುಳ್ಳಿನ ಸ್ಪ್ರಿಂಗ್ ಕಾಂಟಾನೇ ಬೇಕು. ಬಂಡಿಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಕೇಳುತ್ತಾರೆ, ಆದರೂ ಬೇಡ, ಮರಳೇ ಸರಿ. ಎಳೆಯುವವರು ಬಿಡುವಾಗ ಪಕ್ಕಕ್ಕೆ ಸರಿಯಬೇಕು, ಬಂಡಿಯ ಮುಂದೆ ನಿಲ್ಲಬಾರದು. ರಸ್ತೆ ಮಟ್ಟಸವಾಗಿ ಕಂಡರೂ ಎರಡೂ ದಿಕ್ಕಿಗೆ ಅಳೆಯಿರಿ. ಮುಳ್ಳು ಏನು ತೋರಿಸುತ್ತದೆ ಅಂತ ಮಕ್ಕಳಿಂದ ಮೊದಲೇ ಬರೆಸಿಕೊಳ್ಳಿ, ಆ ಚೀಟಿಯನ್ನು ಅವರ ಕೈಗೆ ಕೊಡದೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಬಂಡಿ ಸಿಗದಿದ್ದರೆ ಸೈಕಲ್ ಆದೀತು, ಆದರೆ ಅದರ ಎಳೆತ ತುಂಬಾ ಕಡಿಮೆ ಇರುವುದರಿಂದ ಕಿಲೋದ ಕಾಂಟಾದಲ್ಲಿ ಮುಳ್ಳು ಅಲ್ಲಾಡುವುದೇ ಇಲ್ಲ, ಪ್ರಯೋಗಾಲಯದ ನ್ಯೂಟನ್ ಅಳತೆಯ ಸ್ಪ್ರಿಂಗ್ ತಕ್ಕಡಿ ಬೇಕಾಗುತ್ತದೆ.